ದಾಂಡಿಯಾ ಸಾಲಿನಲ್ಲಿ ಹೊಸಬರನ್ನು ಎಲ್ಲಿ ನಿಲ್ಲಿಸಬೇಕು, ಪಕ್ಕದಲ್ಲಿ ಯಾರಿರಬೇಕು

ನವರಾತ್ರಿ ಹತ್ತಿರ ಬಂದರೆ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ವಾಟ್ಸಾಪ್ ಗುಂಪುಗಳಲ್ಲಿ ದಾಂಡಿಯಾ ರಾತ್ರಿಯ ಪೋಸ್ಟರ್ ಬಂದೇ ಬರುತ್ತದೆ. ‘ಎಲ್ಲರಿಗೂ ಆದರದ ಸ್ವಾಗತ’ ಎಂದು ದೊಡ್ಡಕ್ಷರದಲ್ಲಿ ಬರೆದಿರುತ್ತದೆ. ಆ ಸಂಜೆ ಹೋಗಿ ನೋಡಿದರೆ ಅಂಗಳದ ನಡುವೆ ಬಲ್ಲವರು ಕುಣಿಯುತ್ತಿರುತ್ತಾರೆ, ಸುತ್ತಲೂ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಅದಕ್ಕಿಂತ ಹೆಚ್ಚು ಜನ ಕೋಲನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಾರೆ. ಆ ಕೂತವರಲ್ಲಿ ಹಲವರು ಒಮ್ಮೆ ಸಾಲಿಗೆ ಹೋಗಿ, ಎರಡೇ ಸುತ್ತಿಗೆ ದಿಕ್ಕು ತಪ್ಪಿ, ‘ಇದೆಲ್ಲ ನಮಗೆ ಬರಲ್ಲಪ್ಪ’ ಎಂದು ನಗುತ್ತಾ ವಾಪಸ್ ಬಂದವರು. ಅವರಿಗೆ ತಾಳಜ್ಞಾನ ಕಡಿಮೆ ಎಂದು ನಾವು ಅಂದುಕೊಳ್ಳುತ್ತೇವೆ. ಬಹುತೇಕ ಸಲ ತಪ್ಪಿರುವುದು ಅವರನ್ನು ನಿಲ್ಲಿಸಿದ ಜಾಗದಲ್ಲಿ.

ಸಂಘಟಕರೂ ದಾಂಡಿಯಾ ಬಲ್ಲ ನಾಲ್ಕಾರು ಮಂದಿಯೂ ಮನಸ್ಸು ಮಾಡಿದರೆ ಇದನ್ನು ಒಂದೇ ಸಂಜೆಯಲ್ಲಿ ಸರಿಪಡಿಸಬಹುದು. ಅದಕ್ಕೆ ಮೊದಲು ಸಾಲು ಚಲಿಸುವ ಲೆಕ್ಕ ಗೊತ್ತಿರಬೇಕು. ವರ್ಷಗಟ್ಟಲೆ ಆಡಿದವರೂ ಈ ಲೆಕ್ಕವನ್ನು ಗಮನಿಸಿರುವುದಿಲ್ಲ, ಏಕೆಂದರೆ ಅವರ ಕಾಲು ತಾನಾಗಿ ಹೋಗುತ್ತದೆ.

ಸಾಲಿನ ಲೆಕ್ಕ

ದಾಂಡಿಯಾದಲ್ಲಿ ಊರಿಗೊಂದು ಬಗೆ ಇದೆ. ಹೊಸಬರಿಗೆ ಹೆಚ್ಚಾಗಿ ಕಲಿಸುವ ಸರಳ ರೂಪ ಹೀಗಿದೆ: ಎರಡು ಸಾಲು ಎದುರುಬದುರು ನಿಲ್ಲುತ್ತವೆ. ಎಂಟು ಮಾತ್ರೆಗೆ, ಅಂದರೆ ತಾಳದ ಎಂಟು ಎಣಿಕೆಗೆ, ಒಂದು ಸುತ್ತು. ಮೊದಲ ಐದು ಮಾತ್ರೆಗೆ ಐದು ಏಟು. ಎದುರಿನವರ ಬಲಗೋಲಿಗೆ ನಮ್ಮ ಬಲಗೋಲು, ಎಡಕ್ಕೆ ಎಡ, ಮತ್ತೆ ಬಲಕ್ಕೆ ಬಲ, ಆಮೇಲೆ ನಮ್ಮದೇ ಎರಡು ಕೋಲು ಒಂದಕ್ಕೊಂದು, ಕೊನೆಗೆ ಇನ್ನೊಮ್ಮೆ ಬಲಕ್ಕೆ ಬಲ. ಉಳಿದ ಮೂರು ಮಾತ್ರೆಯಲ್ಲಿ ಎಲ್ಲರೂ ತಂತಮ್ಮ ಬಲಕ್ಕೆ ಒಂದು ಜಾಗ ಸರಿಯುತ್ತಾರೆ. ಎರಡೂ ಸಾಲಿನವರು ತಮ್ಮ ಬಲಕ್ಕೇ ಸರಿಯುವುದರಿಂದ ಒಂದು ಸಾಲು ಪೂರ್ವಕ್ಕೆ ಹೋದರೆ ಇನ್ನೊಂದು ಪಶ್ಚಿಮಕ್ಕೆ ಹೋಗುತ್ತದೆ. ತುದಿಗೆ ಬಂದವರು ದಾಟಿ ಎದುರು ಸಾಲಿಗೆ ಸೇರುತ್ತಾರೆ. ನೋಡಲು ಎರಡು ಸಾಲು, ನಿಜದಲ್ಲಿ ಅದು ಉದ್ದುದ್ದಕ್ಕೆ ಎಳೆದ ಒಂದೇ ವೃತ್ತ.

ಇದರಿಂದ ಎರಡು ವಿಷಯ ಹೊರಡುತ್ತವೆ. ಒಂದು, ಎದುರಿಗಿರುವವರು ಪ್ರತಿ ಎಂಟು ಮಾತ್ರೆಗೂ ಬದಲಾಗುತ್ತಾರೆ, ಅಕ್ಕಪಕ್ಕದವರು ಮಾತ್ರ ಹಾಡು ಮುಗಿಯುವವರೆಗೂ ಅವರೇ. ‘ನಾನು ನಿಮ್ಮ ಎದುರಿಗೆ ನಿಲ್ತೀನಿ, ನನ್ನ ನೋಡ್ಕೊಂಡು ಆಡಿ’ ಎಂದು ಹೊಸಬರನ್ನು ಕರೆತಂದವರು ನಾಲ್ಕೈದು ಸೆಕೆಂಡಿನಲ್ಲಿ ಅವರ ಕಣ್ಣಿಂದ ಮರೆಯಾಗಿರುತ್ತಾರೆ. ಹೊಸಬರು ಕಕ್ಕಾಬಿಕ್ಕಿಯಾಗುವುದು ಅಲ್ಲಿಂದಲೇ. ಕರೆತಂದವರು ನಿಲ್ಲಬೇಕಾದ ಜಾಗ ಅವರ ಬಲಪಕ್ಕ.

ಇನ್ನೊಂದು ಸ್ವಲ್ಪ ಸೂಕ್ಷ್ಮ. ನಾವು ಒಂದು ಜಾಗ ಬಲಕ್ಕೆ ಹೋದಾಗ ಎದುರು ಸಾಲು ಒಂದು ಜಾಗ ನಮ್ಮ ಎಡಕ್ಕೆ ಬಂದಿರುತ್ತದೆ. ಹಾಗಾಗಿ ಪ್ರತಿ ಸಲವೂ ಎದುರು ಸಾಲಿನಲ್ಲಿ ಒಬ್ಬರನ್ನು ಬಿಟ್ಟು ಅವರ ಆಚೆಯವರು ನಮಗೆ ಸಿಗುತ್ತಾರೆ. ಒಟ್ಟು ಜನ ಸಮಸಂಖ್ಯೆಯಲ್ಲಿದ್ದರೆ, ಎಷ್ಟು ಸುತ್ತು ಆಡಿದರೂ ನಮಗೆ ಎದುರಾಗುವುದು ವೃತ್ತದ ಅರ್ಧ ಜನ ಮಾತ್ರ. ಇಪ್ಪತ್ತು ಜನರಿದ್ದರೆ ಹತ್ತು ಜನ.

ಇದನ್ನೇ ಬಳಸಿಕೊಳ್ಳಿ. ಬಲ್ಲವರು, ಹೊಸಬರು, ಬಲ್ಲವರು, ಹೊಸಬರು ಎಂದು ಒಬ್ಬರು ಬಿಟ್ಟು ಒಬ್ಬರಂತೆ ನಿಲ್ಲಿಸಿ. ಎದುರು ಸಾಲಿನಲ್ಲಿ ಹೊಸಬರಿಂದ ಶುರು ಮಾಡಿ. ಚದುರಂಗದ ಮಣೆಯ ಕಪ್ಪು ಬಿಳಿ ಮನೆಗಳ ಹಾಗೆ, ಪಕ್ಕದಲ್ಲೂ ಎದುರಲ್ಲೂ ಬೇರೆ ಬಣ್ಣವೇ ಬರಬೇಕು. ಹೀಗೆ ನಿಲ್ಲಿಸಿದರೆ ಹಾಡು ಮುಗಿಯುವವರೆಗೂ ಯಾವ ಹೊಸಬರೂ ಇನ್ನೊಬ್ಬ ಹೊಸಬರಿಗೆ ಎದುರಾಗುವುದಿಲ್ಲ. ಇಬ್ಬರು ಹೊಸಬರು ಎದುರುಬದುರಾದಾಗಲೇ ಏಟು ಗಾಳಿಗೆ ಹೋಗುವುದು, ಇಬ್ಬರೂ ನಿಂತುಬಿಡುವುದು, ಹಿಂದಿನವರು ಬಂದು ಒರಗುವುದು. ಆ ಸಂದರ್ಭವೇ ಬರದಂತೆ ಆಯಿತು.

ಇದು ನಡೆಯಬೇಕಾದರೆ ಸಂಖ್ಯೆ ಸಮವಾಗಿರಲೇಬೇಕು, ಎಲ್ಲರೂ ಪೂರ್ತಿ ಒಂದು ಜಾಗ ಸರಿಯಬೇಕು. ಬೆಸಸಂಖ್ಯೆಯಾದರೆ ಒಂದು ಕಡೆ ಒಂದೇ ಬಗೆಯ ಇಬ್ಬರು ಅಕ್ಕಪಕ್ಕ ಬರುತ್ತಾರೆ, ಅಲ್ಲಿಂದ ಸರಣಿ ಕೆಡುತ್ತದೆ. ಜತೆಗೆ ಪ್ರತಿ ಸುತ್ತಿಗೂ ತುದಿಯಲ್ಲಿ ಯಾರಾದರೊಬ್ಬರು ಒಂಟಿಯಾಗುತ್ತಾರೆ. ಆದ್ದರಿಂದ ಒಬ್ಬ ಬಲ್ಲವರನ್ನು ಹೊರಗೆ ಸಿದ್ಧವಾಗಿಟ್ಟುಕೊಳ್ಳಿ. ನೀರು ಕುಡಿಯಲು ಹೊಸಬರೊಬ್ಬರು ಹೊರಟರೆ ಪಕ್ಕದ ಬಲ್ಲವರೂ ಜತೆಗೇ ಹೊರಡಲಿ. ವಾಪಸ್ ಬರುವಾಗಲೂ ಇಬ್ಬರೂ ಒಟ್ಟಿಗೆ ತುದಿಯಲ್ಲಿ ಸೇರಿಕೊಳ್ಳಲಿ. ಹೊಸಬರಿಗೂ ಒಂಟಿಯಾಗಿ ಎದ್ದುಹೋದ ಮುಜುಗರ ಇರುವುದಿಲ್ಲ.

ಬಲ್ಲವರು ಐದೇ ಜನ, ಕಲಿಯುವವರು ಹದಿನೈದು ಜನ ಇದ್ದರೆ? ಎಲ್ಲರನ್ನೂ ಒಂದೇ ಸಲ ತುಂಬಬೇಡಿ. ಹತ್ತು ಜನರ ಚಿಕ್ಕ ಸಾಲು ಮಾಡಿ, ಐದೈದು ಹೊಸಬರಂತೆ ಮೂರು ಹಾಡಿಗೆ ಹಂಚಿ. ಹೊಸಬರನ್ನೆಲ್ಲ ಒಂದೆಡೆ ಸೇರಿಸಿ ‘ಬಿಗಿನರ್ಸ್ ಸಾಲು’ ಮಾಡುವುದಂತೂ ಬೇಡ. ಅಲ್ಲಿ ನೋಡಿ ಕಲಿಯಲು ಯಾರೂ ಇರುವುದಿಲ್ಲ, ನೋಡಿ ನಗುವವರು ಮಾತ್ರ ಸುತ್ತಲೂ ಇರುತ್ತಾರೆ.

ತುದಿಯಲ್ಲಿ ಏನಾಗುತ್ತದೆ

ಹೊಸಬರು ಕೈಬಿಡುವುದು ಹೆಚ್ಚಾಗಿ ಸಾಲಿನ ತುದಿಯಲ್ಲಿ. ಉಳಿದವರು ಮೂರು ಮಾತ್ರೆಯಲ್ಲಿ ಮೂರಡಿ ಪಕ್ಕಕ್ಕೆ ಸರಿದರೆ ಸಾಕು. ತುದಿಯವರು ಅದೇ ಮೂರು ಮಾತ್ರೆಯಲ್ಲಿ ನಾಲ್ಕೈದು ಅಡಿ ದಾಟಬೇಕು, ಪೂರ್ತಿ ಹಿಂದಿರುಗಿ ನಿಲ್ಲಬೇಕು, ಮೊದಲ ಏಟಿಗೆ ಬಲಗೋಲು ಎತ್ತಿರಬೇಕು. ನಿಮಿಷಕ್ಕೆ 120 ಮಾತ್ರೆಯ ವೇಗದಲ್ಲಿ ಒಂದು ಸುತ್ತಿಗೆ ನಾಲ್ಕು ಸೆಕೆಂಡು. ಎರಡೂ ಸಾಲು ಸೇರಿ ಇಪ್ಪತ್ತು ಜನರಿದ್ದರೆ ಪ್ರತಿಯೊಬ್ಬರಿಗೂ 40 ಸೆಕೆಂಡಿಗೊಮ್ಮೆ ತುದಿ ಬರುತ್ತದೆ. ತುದಿಗೆ ಗಟ್ಟಿಗರನ್ನು ನಿಲ್ಲಿಸುತ್ತೇವೆ ಎಂದು ಕೆಲವರು ಯೋಚಿಸುತ್ತಾರೆ. ಅದು ನಡೆಯುವುದಿಲ್ಲ, ನಾಲ್ಕು ಸೆಕೆಂಡಿಗೆ ಅವರೂ ಸರಿದಿರುತ್ತಾರೆ.

ಹೊಸಬರ ಬಲಪಕ್ಕದಲ್ಲಿ ನಿಂತವರಿಗೆ ಮಾತ್ರ ಇಲ್ಲೊಂದು ಅನುಕೂಲ ಸಿಗುತ್ತದೆ. ಅವರು ಒಂದು ಸುತ್ತು ಮೊದಲೇ ತುದಿ ದಾಟಿರುತ್ತಾರೆ. ಹೊಸಬರು ತುದಿಯ ಜಾಗಕ್ಕೆ ಬರುವ ಹೊತ್ತಿಗೆ ಅವರು ನೇರ ಎದುರಿಗೆ ಇರುತ್ತಾರೆ. ಐದು ಏಟು ಅವರ ಜತೆಯಲ್ಲೇ. ಐದನೆಯ ಏಟು ಬೀಳುವಾಗ ‘ನನ್ ಜಾಗಕ್ಕೆ ಬನ್ನಿ’ ಎಂದರೆ ಸಾಕು, ಬೇರೆ ವಿವರಣೆ ಬೇಡ. ಅವರು ತಮ್ಮ ಬಲಕ್ಕೆ ಸರಿದು ಜಾಗ ಬಿಡುತ್ತಾರೆ, ಹೊಸಬರು ನೇರ ನಡೆದುಬಂದು ಆ ಜಾಗದಲ್ಲಿ ನಿಂತು ತಿರುಗುತ್ತಾರೆ. ತಿರುಗಿದ ಕೂಡಲೇ ಎದುರಿಗೆ ಕಾಣುವವರು ಅಷ್ಟು ಹೊತ್ತೂ ಎಡಪಕ್ಕದಲ್ಲಿದ್ದ ಇನ್ನೊಬ್ಬ ಬಲ್ಲವರು. ಪರಿಚಯದ ಇಬ್ಬರ ನಡುವೆಯೇ ಕಷ್ಟದ ಜಾಗ ದಾಟಿದಂತಾಯಿತು.

ಇಷ್ಟರ ಮೇಲೂ ಎರಡೂ ತುದಿಗಳಲ್ಲಿ ಆಟದ ಹೊರಗೆ ಒಬ್ಬೊಬ್ಬರನ್ನು ನಿಲ್ಲಿಸುವುದು ಒಳ್ಳೆಯದು. ಮಂಡಿನೋವಿನಿಂದ ಕುಣಿಯಲಾಗದ, ಆದರೆ ಸುಮ್ಮನೆ ಕೂರಲು ಇಷ್ಟವಿಲ್ಲದ ಹಿರಿಯರಿಗೆ ಇದು ಒಳ್ಳೆಯ ಕೆಲಸ. ಕೈಯಲ್ಲಿ ಒಂದು ಕೋಲು ಹಿಡಿದು ದಾಟುವ ದಿಕ್ಕು ತೋರಿಸುತ್ತಿದ್ದರೆ ಸಾಕು.

ಒಂದು ತಂಡಕ್ಕೆ, ಎರಡೂ ಸಾಲು ಸೇರಿ, ಹದಿನಾರರಿಂದ ಇಪ್ಪತ್ತು ಜನ ಸರಿಯಾದ ಅಳತೆ. ಅದಕ್ಕಿಂತ ಕಡಿಮೆಯಾದರೆ ತುದಿ ಬೇಗ ಬೇಗ ಬರುತ್ತದೆ. ಐವತ್ತು ಅರವತ್ತು ಜನರ ಸಾಲಿನಲ್ಲಿ ತುದಿ ಅಪರೂಪವೇನೋ ಹೌದು, ಆದರೆ ಎಲ್ಲೋ ಒಂದು ಕಡೆ ಕೊಂಡಿ ಕಳಚಿದರೆ ಇಡೀ ಸಾಲು ನಿಲ್ಲುತ್ತದೆ. ಪಕ್ಕದವರ ನಡುವೆ ಮೂರಡಿ, ಎರಡು ಸಾಲಿನ ನಡುವೆ ನಾಲ್ಕೈದು ಅಡಿ, ಒಂದು ತಂಡದ ಬೆನ್ನಿಗೂ ಇನ್ನೊಂದು ತಂಡದ ಬೆನ್ನಿಗೂ ಆರಡಿ ಬಿಡಿ. 28 ಮೀಟರ್ ಉದ್ದ, 15 ಮೀಟರ್ ಅಗಲದ ಪೂರ್ಣ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಅಡ್ಡಡ್ಡಲಾಗಿ ಇಂಥ ಆರು ತಂಡ ಆರಾಮವಾಗಿ ಹಿಡಿಸುತ್ತವೆ. ಸಾಲಿನ ಜಾಗಗಳನ್ನು ಚಾಕ್‌ಪೀಸಿನಲ್ಲಿ ಗುರುತು ಹಾಕಿಟ್ಟರೆ ಅರ್ಧ ಗೊಂದಲ ಅಲ್ಲೇ ಕಡಿಮೆ.

ಕೋಲು

ಹೊಸಬರಿಗೆ ಒಂದೂಕಾಲರಿಂದ ಒಂದೂವರೆ ಅಡಿಯ, ಹಗುರ ಮರದ, ತುದಿ ದುಂಡಗಿರುವ ಕೋಲು ಕೊಡಿ. ಗೆಜ್ಜೆ, ಮೊಳೆ, ಲೋಹದ ತುದಿ ಇರುವುದು ಬೇಡ. ಬುಡದಿಂದ ಒಂದು ಹಿಡಿ ಮೇಲೆ ಸಡಿಲವಾಗಿ ಹಿಡಿದು, ಎದೆಯ ಮಟ್ಟದಲ್ಲಿ, ಕೋಲಿನ ಮೇಲಿನ ಮೂರನೇ ಒಂದು ಭಾಗದಿಂದ ಹೊಡೆಯಬೇಕು. ಬೆರಳಿಗೆ ಪೆಟ್ಟು ಬೀಳುವುದು ಕೋಲನ್ನು ನಡುವೆ ಹಿಡಿದಾಗ, ಇಲ್ಲವೇ ಭುಜದಿಂದ ಬೀಸಿದಾಗ. ಮಣಿಕಟ್ಟು ಆಡಿದರೆ ಸಾಕು.

ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು ಕನ್ನಡಿಯ ತಪ್ಪು. ಎದುರಿನವರು ಬಲಗೋಲು ಎತ್ತಿದಾಗ ಅದು ನಮ್ಮ ಎಡಗಡೆ ಕಾಣುತ್ತದೆ, ಕೈ ತಾನಾಗಿ ಎಡಗೋಲನ್ನು ಎತ್ತುತ್ತದೆ. ‘ಬಲ, ಬಲ’ ಎಂದು ಕೂಗಿದರೆ ಪ್ರಯೋಜನವಿಲ್ಲ. ಆ ಗಡಿಬಿಡಿಯಲ್ಲಿ ಬಲ ಯಾವುದು ಎಂದು ಯೋಚಿಸುವಷ್ಟು ಹೊತ್ತಿರುವುದಿಲ್ಲ. ಎಲ್ಲರ ಬಲಗೋಲಿಗೂ, ಬಲ್ಲವರದ್ದಕ್ಕೂ ಸೇರಿ, ಮೇಲ್ತುದಿಯಲ್ಲಿ ಎರಡಿಂಚು ಅಗಲ ಕೆಂಪು ಇನ್ಸುಲೇಷನ್ ಟೇಪ್ ಸುತ್ತಿ. ಆಮೇಲೆ ಹೇಳುವುದು ಒಂದೇ ಮಾತು, ‘ಕೆಂಪಿಗೆ ಕೆಂಪು’. ಸೀಳು ಬಿಟ್ಟ ಕೋಲನ್ನು ಆ ಕ್ಷಣವೇ ಆಚೆ ಇಡಿ, ಟೇಪು ಸುತ್ತಿ ಮತ್ತೆ ಕೊಡಬೇಡಿ. ಬರಿಗೈಯಲ್ಲಿ ಬಂದವರಿಗೆಂದು ಹತ್ತು ಜತೆ ಮೇಜಿನ ಮೇಲಿರಲಿ.

ಮೊದಲ ಅರ್ಧ ಗಂಟೆ

ವಿಶೇಷ ಅನುಮತಿ ಇಲ್ಲದಿದ್ದರೆ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕು, ಶಬ್ದಮಾಲಿನ್ಯ ನಿಯಮ 2000ರಿಂದಲೂ ಹಾಗೇ ಇದೆ. ಏಳಕ್ಕೆ ಎಂದದ್ದು ಎಂಟಕ್ಕೆ ಶುರುವಾಗುತ್ತದೆ, ಉಳಿದ ಎರಡು ಗಂಟೆಯಲ್ಲಿ ಎಲ್ಲ ಮುಗಿಸುವ ಅವಸರದಲ್ಲಿ ಡಿಜೆ ಮೊದಲ ಹಾಡಿಗೇ ವೇಗ ಏರಿಸುತ್ತಾನೆ. ಹೊಸಬರಿಗೆ ಸಾಲಿನ ಬಾಗಿಲು ಮುಚ್ಚುವುದು ಹೀಗೆ. ಹಾಗಾಗಿ ಪಾಠಕ್ಕೆ ಮೈಕ್ ಬೇಕಿಲ್ಲದ ವ್ಯವಸ್ಥೆ ಮಾಡಿಕೊಂಡು ಆರೂವರೆಗೇ ಶುರು ಮಾಡಿ, ಎಷ್ಟೇ ಜನರಿರಲಿ.

ಮೊದಲ ಐದು ನಿಮಿಷ ಕೋಲಿಲ್ಲದೆ, ಅಂಗೈಗೆ ಅಂಗೈ. ‘ಬಲ, ಎಡ, ಬಲ, ನಮ್ದು, ಬಲ, ಸರೀ…’ ಎಂದು ಎಲ್ಲರೂ ಬಾಯಲ್ಲಿ ಹೇಳಿಕೊಂಡೇ ಆಡಲಿ. ಬಾಯಿ ಹೇಳುತ್ತಿದ್ದರೆ ಕೈ ತಪ್ಪುವುದು ಕಡಿಮೆ. ಆಮೇಲೆ ಕೋಲು ಹಿಡಿದು ನಿಂತಲ್ಲೇ. ಶಾಲೆಯಲ್ಲಿ ಕೋಲಾಟ ಆಡಿದವರು ಯಾರಿದ್ದಾರೆ ಎಂದು ಇಲ್ಲಿ ಕೇಳಿ. ಕೈ ಎತ್ತುವವರು ನೀವೆಣಿಸಿದ್ದಕ್ಕಿಂತ ಹೆಚ್ಚೇ ಇರುತ್ತಾರೆ. ಅವರಿಗೆ ಏಟಿನ ಹದ ಗೊತ್ತು, ಹೊಸದಾಗಿ ಕಲಿಯಬೇಕಾದದ್ದು ಸಾಲು ಸರಿಯುವುದೊಂದೇ.

ಸರಿಯುವುದನ್ನು ಎರಡು ಹಂತದಲ್ಲಿ ಕಲಿಸಿ. ಮೊದಲು ಹೊಸಬರೆಲ್ಲ ಒಂದು ಸಾಲು, ಬಲ್ಲವರೆಲ್ಲ ಎದುರು ಸಾಲು. ಹೊಸಬರು ನಿಂತಲ್ಲೇ ನಿಲ್ಲುತ್ತಾರೆ, ಬಲ್ಲವರ ಸಾಲು ಮಾತ್ರ ಸರಿಯುತ್ತದೆ. ತುದಿಗೆ ಬಂದವರು ಹಿಂದಿನಿಂದ ನಡೆದು ಸಾಲಿನ ಆರಂಭಕ್ಕೆ ಹೋಗುತ್ತಾರೆ. ಎದುರಿನವರು ಬದಲಾಗುತ್ತಿರುವುದು ಹೊಸಬರ ಕಣ್ಣಿಗೆ ಒಗ್ಗುತ್ತದೆ. ಇದಕ್ಕೆ ಏಳೆಂಟು ನಿಮಿಷ ಸಾಕು. ಎರಡನೆಯ ಹಂತಕ್ಕೆ, ಎದುರುಬದುರಿನ ಜೋಡಿಗಳಲ್ಲಿ ಒಂದು ಬಿಟ್ಟು ಒಂದು ಜೋಡಿ ಜಾಗ ಅದಲುಬದಲು ಮಾಡಿಕೊಳ್ಳಲಿ. ಮೇಲೆ ಹೇಳಿದ ಚದುರಂಗದ ಮಣೆ ತಾನಾಗಿ ಸಿದ್ಧವಾಗುತ್ತದೆ. ಈಗ ಎಲ್ಲರೂ ಸರಿಯಲಿ, ಬಾಯಲ್ಲಿ ಎಣಿಸಿಕೊಂಡೇ, ಎರಡೂ ತುದಿ ದಾಟುವವರೆಗೆ.

ಡಿಜೆ ಹತ್ತಿರ ಎರಡು ವಿಷಯ ಮೊದಲೇ ಮಾತಾಡಿಟ್ಟುಕೊಳ್ಳಿ. ಮೊದಲ ಅರ್ಧ ಗಂಟೆ ನಿಮಿಷಕ್ಕೆ 90ರಿಂದ 100 ಮಾತ್ರೆ ದಾಟದಿರಲಿ. ಆರೇಳು ನಿಮಿಷಕ್ಕೊಮ್ಮೆ ಹಾಡು ಪೂರ್ತಿ ನಿಲ್ಲಲಿ. ಇಪ್ಪತ್ತು ನಿಮಿಷ ಎಡೆಬಿಡದೆ ಓಡುವ ಮಿಕ್ಸ್ ಹಾಕಿದರೆ ಕುರ್ಚಿಯಲ್ಲಿದ್ದವರಿಗೆ ಒಳಗೆ ಬರಲು ಸಂದಿಯೇ ಸಿಗುವುದಿಲ್ಲ, ಸುಸ್ತಾದವರಿಗೆ ಮರ್ಯಾದೆಯಿಂದ ಹೊರಗೆ ಬರಲೂ ಆಗುವುದಿಲ್ಲ.

ಹಾಡು ನಡೆಯುವಾಗ ಸಹಾಯಕರು

ಹಾಡು ಶುರುವಾದ ಮೇಲೆ ಪಾಠ ಬೇಡ. ಸ್ಪೀಕರ್ ಮುಂದೆ ಕೂಗಿ ಹೇಳಿದ್ದು ಪೂರ್ತಿ ಕೇಳುವುದಿಲ್ಲ, ಅದನ್ನು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಮುಂದಿನ ಸುತ್ತು ಬಂದಿರುತ್ತದೆ. ಮೂರು ಪದಕ್ಕಿಂತ ಉದ್ದದ ಮಾತು ವ್ಯರ್ಥ. ಅದರ ಬದಲು ನಿಮ್ಮ ಬಲಗೋಲನ್ನು ಹೊಸಬರ ಎದೆಯ ಮಟ್ಟಕ್ಕೆ ಎತ್ತಿ, ಅಲ್ಲಾಡಿಸದೆ ಹಿಡಿದಿರಿ. ಇಬ್ಬರೂ ಬೀಸಿದರೆ ಎರಡು ಚಲಿಸುವ ಕೋಲುಗಳು ಒಂದನ್ನೊಂದು ಹುಡುಕಬೇಕು. ಒಂದು ನಿಂತಿದ್ದರೆ ಇನ್ನೊಂದು ಬಂದು ಮುಟ್ಟುತ್ತದೆ. ಏಟಿನ ಸದ್ದು ಸರಿಯಾಗಿ ಕೇಳಿದ ಕೂಡಲೇ ಹೊಸಬರ ಭುಜ ಸಡಿಲವಾಗುವುದನ್ನು ಗಮನಿಸಿ.

ಏಟು ತಪ್ಪಿದರೆ ಅದರ ಹಿಂದೆ ಹೋಗಬೇಡಿ, ಹೋಗಲೂ ಬಿಡಬೇಡಿ. ಮೂರನೆಯದು ತಪ್ಪಿತೆಂದು ಅದನ್ನು ಹೊಡೆಯಲು ಹೋದರೆ ನಾಲ್ಕೂ ಐದೂ ತಪ್ಪುತ್ತವೆ, ಸರಿಯುವುದೂ ತಡವಾಗುತ್ತದೆ. ಏಟು ಬಿಟ್ಟರೂ ಪರವಾಗಿಲ್ಲ, ಸರಿಯುವುದನ್ನು ಬಿಡಬಾರದು. ಇದನ್ನು ಪಾಠದಲ್ಲೇ ಎರಡು ಸಲ ಹೇಳಿಟ್ಟಿರಿ: ‘ಕೋಲು ತಪ್ಪಿದ್ರೆ ತಪ್ಪಲಿ, ಕಾಲು ಹೋಗ್ತಾ ಇರ್ಲಿ.’

ಮೈಮುಟ್ಟಿ ಎಳೆಯುವುದು, ಮಣಿಕಟ್ಟು ಹಿಡಿದು ಹೊಡೆಸುವುದು, ಬೆನ್ನಿಗೆ ಕೈಯಿಟ್ಟು ತಳ್ಳುವುದು ಯಾವುದೂ ಬೇಡ. ಅದು ಅಸಭ್ಯವೂ ಹೌದು, ಅಪಾಯವೂ ಹೌದು, ಕೈಯಲ್ಲಿ ಕೋಲಿದೆ. ಹೊಸಬರು ಎದುರಿಗಿರುವಾಗ ಗಿರಕಿ, ಜಿಗಿತ, ಕೋಲು ತಿರುಗಿಸುವ ಚಮತ್ಕಾರಗಳನ್ನು ಪಕ್ಕಕ್ಕಿಡಿ. ಅವರು ನಿಮ್ಮನ್ನೇ ನೋಡಿ ಎಣಿಸುತ್ತಿರುತ್ತಾರೆ, ನೀವು ಗಿರಕಿ ಹೊಡೆದರೆ ಅವರ ಎಣಿಕೆ ಹೋಯಿತು. ಹಾಡು ಮುಗಿದ ಮೇಲೆ ತಪ್ಪುಗಳ ಪಟ್ಟಿ ಕೊಡುವ ದೊಡ್ಡಮನುಷ್ಯರೂ ಇರುತ್ತಾರೆ. ಕೇಳಿದರೆ ಒಂದು ತಿದ್ದುಪಡಿ ಹೇಳಿ, ಕೇಳದಿದ್ದರೆ ನೀರು ಕೊಡಿ.

ಕುರ್ಚಿಯಲ್ಲಿ ಕೂತವರು

ಕೂತವರೆಲ್ಲ ಒಂದೇ ಬಗೆಯಲ್ಲ. ಕಾಲು ತಾಳ ಹಾಕುತ್ತಿದ್ದರೆ, ಕೋಲು ಕೈಯಲ್ಲೇ ಇದ್ದರೆ, ಕಣ್ಣು ಸಾಲಿನ ಮೇಲಿದ್ದರೆ ಅವರು ಯಾರಾದರೂ ಕರೆಯಲಿ ಎಂದು ಕಾಯುತ್ತಿದ್ದಾರೆ. ಕರೆಯುವ ಮಾತು ಹೀಗಿರಲಿ: ‘ಆಂಟಿ, ಬನ್ನಿ, ನನ್ ಪಕ್ಕ ನಿಂತ್ಕೊಳಿ. ಈ ಒಂದು ಹಾಡು ಮಾತ್ರ.’ ‘ನಿಮಗೆ ಬರುತ್ತಾ?’ ಎಂದು ಕೇಳಿದರೆ ಬರುವ ಉತ್ತರ ‘ಇಲ್ಲ’ವೇ. ಬೇಡ ಎಂದರೆ ಒಮ್ಮೆಗೇ ಒಪ್ಪಿಕೊಳ್ಳಿ, ‘ಮುಂದಿನ ಹಾಡಿಗೆ ನೋಡೋಣ’ ಎಂದು ಹೇಳಿ ಬನ್ನಿ. ಎಲ್ಲರ ಮುಂದೆ ಕೈಹಿಡಿದು ಎಳೆದರೆ ಅವರು ಮರುದಿನ ಬರುವುದೇ ಇಲ್ಲ.

ಚೆನ್ನಾಗಿ ಆಡುವವರು ತಮ್ಮದೇ ವೃತ್ತ ಮಾಡಿಕೊಳ್ಳುವುದು ಸಹಜ. ವರ್ಷಕ್ಕೊಮ್ಮೆ ಸಿಗುವ ಒಂಬತ್ತು ರಾತ್ರಿ ಅವರಿಗೂ ಬೇಕು. ‘ಇಡೀ ಸಂಜೆ ಹೊಸಬರ ಜತೆ ಆಡಿ’ ಎಂದು ಕೇಳುವುದು ಅನ್ಯಾಯ. ‘ಏಳೂವರೆಯಿಂದ ಎರಡು ಹಾಡು ಮಾತ್ರ’ ಎಂದು ಗಡಿ ಹಾಕಿ ಕೇಳಿದರೆ ಸಾಮಾನ್ಯವಾಗಿ ಯಾರೂ ಇಲ್ಲ ಎನ್ನುವುದಿಲ್ಲ.

ಬಟ್ಟೆಯ ವಿಷಯ ಚುಟುಕಾಗಿ: ಚನಿಯಾ ಚೋಲಿ (ಗುಜರಾತಿ ಲಂಗ, ರವಿಕೆ) ಕಡ್ಡಾಯವಲ್ಲ ಎಂದು ಪೋಸ್ಟರಿನಲ್ಲೇ ಬರೆಯಿರಿ. ಸೀರೆಯ ಸೆರಗಿಗೂ ದುಪಟ್ಟಾಗೂ ಪಿನ್ನು, ಅಂಚು ಕಾಲ್ಗಂಟಿಗಿಂತ ಮೇಲೆ. ಬರಿಗಾಲಿನವರಿಗಾಗಿ ಅಂಗಳವನ್ನು ಗುಡಿಸಿ ಕಲ್ಲು, ಪಿನ್ನು ಆರಿಸಿಡಿ. ಮಕ್ಕಳ ಸಾಲು ಪ್ರತ್ಯೇಕವಾಗಿಯೇ ಇರಬೇಕು, ದೊಡ್ಡವರ ಕೋಲು ಆಡುವ ಎತ್ತರಕ್ಕೇ ಮಕ್ಕಳ ಮುಖವಿರುತ್ತದೆ.

ಗರ್ಬಾ ವೃತ್ತದಲ್ಲಿ

ಗುಜರಾತಿನ ಗರ್ಬಾ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ದೇವಿಯ ಸುತ್ತ, ಕೋಲಿಲ್ಲದೆ, ಚಪ್ಪಾಳೆಯ ತಾಳಕ್ಕೆ ಆಡುವ ಇದು ಸಾಮಾನ್ಯವಾಗಿ ಆರತಿಗೆ ಮೊದಲು, ದಾಂಡಿಯಾ ಆರತಿಯ ನಂತರ. ಹೊಸಬರಿಗೆ ಗರ್ಬಾ ಸುಲಭ, ಮುಂದಿನವರನ್ನು ನೋಡಿ ಹೋಗುತ್ತಿದ್ದರಾಯಿತು. ಆದರೆ ನಮ್ಮವರು ಇಲ್ಲಿ ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕಿ ಅಭ್ಯಾಸವಾದವರು ದೇವಿಯನ್ನು ಬಲಕ್ಕಿಟ್ಟುಕೊಂಡು ಹೊರಡುತ್ತಾರೆ. ಗರ್ಬಾ ಸಾಗುವುದು ಅಪ್ರದಕ್ಷಿಣವಾಗಿ, ದೇವಿ ಎಡಕ್ಕೆ. ಮೊದಲೇ ಒಂದು ಮಾತು ಹೇಳಿಬಿಡಿ.

ಮೊದಲು ಕಾಲು, ಆಮೇಲೆ ಕೈ. ಮೂರು ಹೆಜ್ಜೆ, ನಾಲ್ಕನೆಯದಕ್ಕೆ ಚಪ್ಪಾಳೆ; ಮೊದಲ ರಾತ್ರಿಗೆ ಇಷ್ಟೇ ಸಾಕು. ಎರಡು ಚಪ್ಪಾಳೆ, ಮೂರು ಚಪ್ಪಾಳೆಯ ಬಗೆಗಳು, ಆರು ಹೆಜ್ಜೆಯ ದೋಢಿಯು ಎಲ್ಲ ಆಮೇಲೆ. ಹೊಸಬರು ಹೊರಗಿನ ವೃತ್ತದಲ್ಲಿರಲಿ, ಇಬ್ಬರ ಮುಂದೆ ಒಬ್ಬ ಬಲ್ಲವರು ಇರುವಂತೆ. ಹೊರಗಿನ ವೃತ್ತವಾದರೆ ಬೇಕೆಂದಾಗ ಬಿಟ್ಟುಹೋಗಬಹುದು. ಬಿಡುವುದನ್ನೂ ಕಲಿಸಬೇಕು: ನಡುವೆ ನಿಂತುಬಿಡಬಾರದು, ಸಾಗುತ್ತಿರುವ ದಿಕ್ಕಿನಲ್ಲೇ ನಾಲ್ಕು ಹೆಜ್ಜೆ ಓರೆಯಾಗಿ ಹೊರಗೆ.

ಎರಡನೆಯ ರಾತ್ರಿ

ಹೊಸಬರು ಮತ್ತೆ ಒಂಟಿಯಾಗುವುದು ಆರತಿ, ಪ್ರಸಾದದ ಹೊತ್ತಿನಲ್ಲಿ. ಬಲ್ಲವರು ತಮ್ಮ ಗುಂಪಿಗೆ ಹೋಗುತ್ತಾರೆ, ಇವರು ಫೋನು ತೆಗೆಯುತ್ತಾರೆ. ಸಾಲಿನಲ್ಲಿ ಬಲಪಕ್ಕ ನಿಂತವರೇ ಪ್ರಸಾದದ ಸಾಲಿಗೂ ಜತೆ ಹೋಗಲಿ, ಇನ್ನಿಬ್ಬರಿಗೆ ಹೆಸರು, ಬ್ಲಾಕು ಹೇಳಿ ಪರಿಚಯಿಸಲಿ.

ಮೊದಲ ಮೂರು ರಾತ್ರಿ ಅದೇ ಐದು ಏಟು, ಅದೇ ಜಾಗ, ಸಾಧ್ಯವಾದರೆ ಅದೇ ಪಕ್ಕದವರು. ದಿನಕ್ಕೊಂದು ಹೊಸ ಹೆಜ್ಜೆ ಕಲಿಸುವ ಹುಮ್ಮಸ್ಸು ಕಲಿಸುವವರದ್ದೇ ಹೊರತು ಕಲಿಯುವವರದ್ದಲ್ಲ. ನಾಲ್ಕನೆಯ ರಾತ್ರಿ, ಕೇಳದೆಯೇ ತುದಿ ದಾಟುತ್ತಿರುವವರ ಬಲಗೋಲಿನ ಕೆಂಪು ಟೇಪ್ ಹಾಗೇ ಇರಲಿ, ಅವರನ್ನು ಬಲ್ಲವರ ಲೆಕ್ಕಕ್ಕೆ ಸೇರಿಸಿ, ಅಂದು ಮೊದಲ ಸಲ ಬಂದವರ ಬಲಪಕ್ಕ ನಿಲ್ಲಿಸಿ. ಹೊಸಬರು ಎಲ್ಲಿ ಗಾಬರಿಯಾಗುತ್ತಾರೆ ಎಂಬುದು ಹತ್ತು ವರ್ಷದ ಅನುಭವಿಗಳಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.